ದತ್ತಿ, ಇನಾಮು, ಪಹಣಿ: ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಭೂಹಿಡುವಳಿ ದಾಖಲೆಗಳ ಒಂದು ಪರಿಶೀಲನೆ

೧. ಪೀಠಿಕೆ

ಕರ್ನಾಟಕದ ಶಾಸನಗಳಲ್ಲಿ ಬಹುಪಾಲು ಭೂದಾನವನ್ನು ಕುರಿತವು ಎಂಬುದು ಸುವಿದಿತವಾದ ಸಂಗತಿ. ದಾನ ಕೊಟ್ಟ ಅರಸ, ಅವನ ವಂಶಾವಳಿ, ದಾನ ಪಡೆದ ದೇವಾಲಯ ಅಥವಾ ಬಸದಿ, ಭೂಮಿಯ ಪರಿಮಾಣ, ಅದರ ಎಲ್ಲೆ, ಸಾಕ್ಷಿಗಳು, ಕೊನೆಗೆ ದತ್ತಿಯನ್ನು ಅಳಿದವನಿಗೆ ಶಾಪ, ಇವೆಲ್ಲ ಕ್ರಮವಾಗಿ ಉಕ್ತವಾಗಿರುತ್ತವೆ. ಆದರೆ ಆ ಭೂಮಿಯನ್ನು ಉತ್ತು ಬಿತ್ತುತ್ತಿದ್ದವರು ಯಾರು, ದಾನವಾದ ಮೇಲೆ ಅವರ ಸ್ಥಿತಿ ಏನಾಯಿತು ಎಂಬ ವಿಷಯದಲ್ಲಿ ಹೆಚ್ಚಿನ ಶಾಸನಗಳು ಮೌನವಾಗಿವೆ.

ಈ ಮೌನ ಇತಿಹಾಸದ ಕುತೂಹಲಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಮೈಸೂರು ರಾಜ್ಯ ಇನಾಮುಗಳನ್ನು ರದ್ದುಪಡಿಸಲು ಹೊರಟಾಗ, ನೂರಾರು ವರ್ಷ ಕೇಳದೆ ಬಿಟ್ಟಿದ್ದ ಈ ಪ್ರಶ್ನೆಯೇ ಎದುರಾಯಿತು. ಹಿಂದಿನ ದೊರೆ ಕೊಟ್ಟದ್ದು ಭೂಮಿಯನ್ನೋ, ಭೂಮಿಯಿಂದ ತನಗೆ ಬರಬೇಕಾದ ಪಾಲನ್ನೋ? ಮೊದಲನೆಯದಾದರೆ ಇನಾಮದಾರ ಭೂಮಿಯ ಒಡೆಯ, ಒಕ್ಕಲು ಅವನ ಕೃಪೆಯಿಂದ ಉಳುವವನು. ಎರಡನೆಯದಾದರೆ ಇನಾಮದಾರ ಕಂದಾಯದ ಹಕ್ಕುದಾರ ಮಾತ್ರ, ಉಳುಮೆಯ ಹಕ್ಕು ಒಕ್ಕಲಿನದು. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಮತ್ತು ನೆಲಮಂಗಲ ತಾಲ್ಲೂಕುಗಳ ದಾಖಲೆಗಳು ಈ ಪ್ರಶ್ನೆಯ ಪರಿಶೀಲನೆಗೆ ಒಳ್ಳೆಯ ಆಕರಗಳಾಗಿವೆ. ೧೯೮೬ರ ಆಗಸ್ಟ್ ೧೫ರಂದು ಬೆಂಗಳೂರು ಗ್ರಾಮಾಂತರ ಜಿಲ್ಲೆ ರೂಪುಗೊಂಡಿತು. ೨೦೦೭ರಲ್ಲಿ ರಾಮನಗರ ಜಿಲ್ಲೆ ಬೇರೆಯಾದ ಬಳಿಕ ಈ ನಾಲ್ಕು ತಾಲ್ಲೂಕುಗಳು ಅದರಲ್ಲಿ ಉಳಿದವು. ಗಂಗರ ತಾಮ್ರಪಟದಿಂದ ಗಣಕದ ಪಹಣಿಯವರೆಗಿನ ದಾಖಲೆಯ ಎಲ್ಲ ಹಂತಗಳೂ ಇಲ್ಲಿ ದೊರೆಯುತ್ತವೆ.

೨. ಗಂಗರ ಕಾಲದ ದತ್ತಿಗಳು

ಹೊಸಕೋಟೆಯ ತಾಮ್ರಶಾಸನವೆಂದು ಪ್ರಸಿದ್ಧವಾದ ಗಂಗ ಅರಸ ಅವಿನೀತನ ಶಾಸನ ಈ ಪ್ರದೇಶದ ಅತಿ ಪ್ರಾಚೀನ ಜೈನ ದಾಖಲೆಗಳಲ್ಲಿ ಒಂದು. ಪಲ್ಲವ ಸಿಂಹವಿಷ್ಣುವಿನ ತಾಯಿ ಮಾಡಿಸಿದ ಅರ್ಹದಾಯತನಕ್ಕೆ ಅವಿನೀತ ಭೂಮಿಯನ್ನು ಬಿಟ್ಟುದನ್ನು ಅದು ತಿಳಿಸುತ್ತದೆ. ನೆಲಮಂಗಲ ತಾಲ್ಲೂಕಿನ ಮಣ್ಣೆ, ಅಂದರೆ ಗಂಗರ ಮಾನ್ಯಪುರ, ಇನ್ನೂ ಎರಡು ಮುಖ್ಯ ತಾಮ್ರಪಟಗಳನ್ನು ಒದಗಿಸಿದೆ. ಗಂಗರ ಸೇನಾಪತಿ ಶ್ರೀವಿಜಯ ಅಲ್ಲಿ ಕಟ್ಟಿಸಿದ ಜಿನಾಲಯಕ್ಕೆ ಕ್ರಿ.ಶ. ೭೯೭ರಲ್ಲಿ ಗಂಗ ಮಾರಸಿಂಹ ಕಿರುವೆಕ್ಕೂರನ್ನು ದತ್ತಿಯಾಗಿ ಕೊಟ್ಟನು. ಐದು ವರ್ಷಗಳ ಅನಂತರ, ಕ್ರಿ.ಶ. ೮೦೨ರಲ್ಲಿ, ಗಂಗವಾಡಿ ರಾಷ್ಟ್ರಕೂಟರ ವಶದಲ್ಲಿದ್ದಾಗ, ಮುಮ್ಮಡಿ ಗೋವಿಂದನ ಅಣ್ಣ ಕಂಬ ರಣಾವಲೋಕನ ಕಾಲದಲ್ಲಿ ಅದೇ ಜಿನಾಲಯಕ್ಕೆ ಮತ್ತೊಂದು ಗ್ರಾಮ ದತ್ತಿಯಾಯಿತು. ಬಿ. ಎಲ್. ರೈಸ್ ಅವರು ೧೯೦೫ರಲ್ಲಿ ಹೊರತಂದ ಎಪಿಗ್ರಾಫಿಯ ಕರ್ನಾಟಿಕದ ಒಂಬತ್ತನೆಯ ಸಂಪುಟದಲ್ಲಿ ಮಣ್ಣೆಯ ಈ ಎರಡು ಶಾಸನಗಳೂ ನೆಲಮಂಗಲ ತಾಲ್ಲೂಕಿನ ಶಾಸನಗಳಾಗಿ ಸೇರಿವೆ.

ರಾಜ್ಯ ಗಂಗರಿಂದ ರಾಷ್ಟ್ರಕೂಟರಿಗೆ ಹೋಯಿತು. ಬಸದಿಗೆ ಬಿಟ್ಟ ದತ್ತಿ ನಿಲ್ಲಲಿಲ್ಲ. ಹೊಸ ಪ್ರಭುತ್ವ ಹಳೆಯ ಜಿನಾಲಯವನ್ನು ಮಾನ್ಯಮಾಡಿ ತನ್ನ ದತ್ತಿಯನ್ನೂ ಸೇರಿಸಿತು. ದತ್ತಿಯ ಸ್ಥಿರತೆಗೆ ಶಾಪವಾಕ್ಯಗಳಿಗಿಂತ ಬಲವಾದ ಕಾರಣ ಇದರಲ್ಲಿ ಕಾಣುತ್ತದೆ. ಗೆದ್ದವನು ಹಿಂದಿನವರ ದತ್ತಿಯನ್ನು ಕಾಯುವುದು ಅವನ ಆಳ್ವಿಕೆಗೆ ಮನ್ನಣೆ ತರುವ ಕಾರ್ಯವಾಗಿತ್ತು. ಆದರೆ ಈ ಮಾನ್ಯತೆ ಎಲ್ಲವೂ ಕೊಟ್ಟವನ ಮತ್ತು ಪಡೆದವನ ನಡುವಣ ವ್ಯವಹಾರ. ಗ್ರಾಮದ ಉಳುವವರು ಆ ವ್ಯವಹಾರದ ಹೊರಗೆ ಉಳಿದರು.

ದತ್ತಿಯ ಭೂಮಿಯನ್ನು ನೆಲದ ಮೇಲೆ ಗುರುತಿಸಲು ಕಲ್ಲು ನೆಡುವ ಪದ್ಧತಿ ಇತ್ತು. ಶೈವ ದತ್ತಿಗೆ ಲಿಂಗಮುದ್ರೆಯ ಕಲ್ಲು, ವೈಷ್ಣವ ಮತ್ತು ಬ್ರಾಹ್ಮಣ ದತ್ತಿಗೆ ವಾಮನಮುದ್ರೆಯ ಕಲ್ಲು, ಜೈನ ದತ್ತಿಗೆ ಮುಕ್ಕೊಡೆಯ ಕಲ್ಲು. ಅಕ್ಷರ ಓದಲಾರದ ಒಕ್ಕಲಿಗೂ ಈ ಗುರುತು ಅರ್ಥವಾಗುತ್ತಿತ್ತು. ಈ ಹೊಲದ ಹುಟ್ಟುವಳಿಯ ಪಾಲು ಅರಮನೆಗೆ ಸಲ್ಲದೆ ಬಸದಿಗೆ ಸಲ್ಲಬೇಕೆಂಬುದೇ ಅದರ ಸಂದೇಶ. ಓಲೆ, ತಾಮ್ರಪಟಗಳನ್ನು ಓದುವವರಿಗಾಗಿ ಬರೆಯಲಾಗಿತ್ತು. ಮುಕ್ಕೊಡೆಯ ಕಲ್ಲು ಉಳುವವನಿಗಾಗಿ ನೆಟ್ಟ ದಾಖಲೆ.

ಅಳತೆಯ ಕ್ರಮವೂ ವಿಚಾರಾರ್ಹ. ಶಾಸನಗಳಲ್ಲಿ ಗದ್ದೆ, ಬೆದ್ದಲೆಗಳ ಪರಿಮಾಣವನ್ನು ಅನೇಕ ವೇಳೆ ಖಂಡುಗ, ಕೊಳಗಗಳಲ್ಲಿ ಹೇಳಲಾಗಿದೆ. ಇವು ಮೂಲತಃ ಧಾನ್ಯದ ಅಳತೆಗಳು. ಒಂದು ಖಂಡುಗ ಭೂಮಿಯೆಂದರೆ ಒಂದು ಖಂಡುಗ ಬೀಜ ಬಿತ್ತುವಷ್ಟು ಭೂಮಿ. ನೀರಿನ ಆಸರೆಯುಳ್ಳ ಗದ್ದೆಯ ಖಂಡುಗದ ವಿಸ್ತಾರ ಬೇರೆ, ಮಳೆಯನ್ನು ನೆಚ್ಚಿದ ಬೆದ್ದಲೆಯ ವಿಸ್ತಾರ ಬೇರೆ. ಸಾಗುವಳಿಯಿಂದ ಬೇರ್ಪಡಿಸಿ ಭೂಮಿಯನ್ನು ಅಳೆಯಲು ಈ ಪದ್ಧತಿಯಲ್ಲಿ ಅವಕಾಶವಿಲ್ಲ. ಬಿತ್ತದ ನೆಲಕ್ಕೆ ಖಂಡುಗದ ಲೆಕ್ಕ ಹೊಂದುವುದಿಲ್ಲ. ಎಕರೆ, ಗುಂಟೆಗಳ ಲೆಕ್ಕ ಬಂದ ಮೇಲೆ ನೆಲದ ವಿಸ್ತಾರ ಅದರ ಬಳಕೆಯಿಂದ ಬೇರೆಯಾಯಿತು.

೩. ಅಷ್ಟಭೋಗದ ಪ್ರಶ್ನೆ

ವಿಜಯನಗರ ಕಾಲದ ದಾನಪತ್ರಗಳಲ್ಲಿ ಅಷ್ಟಭೋಗತೇಜಸ್ಸ್ವಾಮ್ಯ ಎಂಬ ಒಕ್ಕಣೆ ಸ್ಥಿರರೂಪ ತಾಳಿತು. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಎಂಟು ಭೋಗಗಳೊಡನೆ ಗ್ರಾಮವನ್ನು ಕೊಟ್ಟಂತೆ ಅಲ್ಲಿ ಹೇಳಲಾಗುತ್ತದೆ. ನೆಲದಲ್ಲಿ ಹೂತ ನಿಧಿಯೂ ಕಲ್ಲೂ ನೀರೂ ದಾನ ಪಡೆದವನಿಗೆ ಸೇರುವುದಾದರೆ ನೆಲವೇ ಅವನದಾಯಿತೆಂದು ವಾದಿಸುವುದಕ್ಕೆ ಇದು ಬಲವಾದ ಆಧಾರ. ಇನಾಮದಾರರ ಪರವಾದ ವಾದಕ್ಕೆ ಈ ಒಕ್ಕಣೆ ಅನುಕೂಲವಾಗಿರುವುದು ಸಹಜ.

ಆದರೆ ಇದಕ್ಕೆ ಎದುರಾಗಿ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಎಂಟು ಭೋಗಗಳೂ ಅರಸನಿಗೆ ಇದ್ದ ಹಕ್ಕುಗಳು. ತನಗಿಲ್ಲದುದನ್ನು ಅರಸನೂ ಕೊಡಲಾರ. ಹೊಲದ ಉಳುಮೆಯ ಹಕ್ಕು ಒಕ್ಕಲಿನಲ್ಲಿ ಮೊದಲೇ ನೆಲೆಗೊಂಡಿದ್ದರೆ ದಾನದಿಂದ ಅದು ಕಳೆದುಹೋಗುವುದಿಲ್ಲ. ಎರಡನೆಯದಾಗಿ, ಉಳುಮೆಗೆ ಸಂಬಂಧಿಸಿದ ದತ್ತಿಗಳಿಗೆ ಶಾಸನಗಳು ಬೇರೆಯೇ ಹೆಸರುಗಳನ್ನು ಬಳಸುತ್ತವೆ. ಕೆರೆಗೆ ಸಂಬಂಧಿಸಿದ ದತ್ತಿ ಬಿತ್ತುವಟ್ಟ; ಕೆರೆ ಕಟ್ಟಿಸಿ ಕಾಯುವವನಿಗೆ ಬಿಟ್ಟದ್ದು ಕಟ್ಟುಕೊಡಗಿ; ಯುದ್ಧದಲ್ಲಿ ಮಡಿದವನ ಮನೆಯವರಿಗೆ ಕೊಟ್ಟದ್ದು ನೆತ್ತರುಕೊಡಗಿ. ಇವು ಸೇವೆಗೆ ಅಥವಾ ತ್ಯಾಗಕ್ಕೆ ಪ್ರತಿಯಾಗಿ ಒಂದು ಮನೆತನಕ್ಕೆ ದೊರೆತ ನಿರ್ದಿಷ್ಟ ಹೊಲಗಳು. ಇಡೀ ಗ್ರಾಮದ ದತ್ತಿಯಲ್ಲಿ ಈ ಸಣ್ಣ ಕೊಡಗಿಗಳು ಮುಳುಗಿಹೋದವೆಂದು ಭಾವಿಸಲು ಆಧಾರವಿಲ್ಲ. ಆದ್ದರಿಂದ ಒಂದೇ ನೆಲದ ಮೇಲೆ ಅನೇಕರ ಹಕ್ಕು ಪದರಪದರವಾಗಿ ಇದ್ದಿತೆಂದು ತಿಳಿಯುವುದು ಹೆಚ್ಚು ಸಮಂಜಸ.

೪. ಕಣ ಮತ್ತು ಕಡತ

ಆವತಿಯ ನಾಡಪ್ರಭುಗಳ ಶಾಖೆಗಳು ದೇವನಹಳ್ಳಿ, ದೊಡ್ಡಬಳ್ಳಾಪುರ ಮೊದಲಾದ ಕಡೆ ನೆಲೆಸಿದವು. ದೇವನಹಳ್ಳಿಯ ಕೋಟೆಯನ್ನು ೧೫೦೧ರಲ್ಲಿ ಮಲ್ಲಬೈರೇಗೌಡ ಕಟ್ಟಿಸಿದನೆಂದು ಪ್ರತೀತಿ. ಹದಿನೇಳನೆಯ ಶತಮಾನದ ಕೊನೆಗೆ ಮೊಗಲರು ಸಿರಾ ಪ್ರಾಂತವನ್ನು ಏರ್ಪಡಿಸಿದಾಗ ಅದರ ಏಳು ಪರಗಣೆಗಳಲ್ಲಿ ದೊಡ್ಡಬಳ್ಳಾಪುರ ಮತ್ತು ಹೊಸಕೋಟೆ ಸೇರಿದ್ದವು. ೧೭೪೯ರಲ್ಲಿ ಮೈಸೂರಿನ ಸೈನ್ಯ ದೇವನಹಳ್ಳಿಯನ್ನು ಹಿಡಿಯಿತು. ಹೈದರನ ಶೌರ್ಯ ಮೊದಲು ಬೆಳಕಿಗೆ ಬಂದದ್ದು ಆ ಮುತ್ತಿಗೆಯಲ್ಲಿ. ಈ ರಾಜಕೀಯ ಪರಿವರ್ತನೆಗಳ ಗುರುತು ಭೂಮಿಯ ಪರಿಭಾಷೆಯಲ್ಲಿ ಉಳಿದಿದೆ. ದತ್ತಿ, ಮಾನ್ಯ ಎಂಬ ಸಂಸ್ಕೃತ ಶಬ್ದಗಳ ಮತ್ತು ಕೊಡಗಿ ಎಂಬ ಕನ್ನಡ ಶಬ್ದದ ಪಕ್ಕದಲ್ಲಿ ಇನಾಮು, ಕದೀಮು ಎಂಬ ಅರಬ್ಬೀ ಮೂಲದ ಶಬ್ದಗಳೂ ತರಿ, ಖುಷ್ಕಿ, ಬಾಗಾಯ್ತು ಎಂಬ ಪಾರಸೀ ಸಂಬಂಧದ ಶಬ್ದಗಳೂ ಬಂದು ನಿಂತವು. ಹೊಸಕೋಟೆಯ ದೊಡ್ಡ ಕೆರೆಗೆ ಇಂದಿಗೂ ಅಮಾನಿಕೆರೆಯೆಂದು ಹೆಸರು. ಗುತ್ತಿಗೆಗೆ ಕೊಡದೆ ಸರ್ಕಾರವೇ ನೇರವಾಗಿ ನೋಡಿಕೊಳ್ಳುವುದು ಅಮಾನಿ. ಹಿಡುವಳಿಯ ಒಂದು ಕ್ರಮ ಹೀಗೆ ಸ್ಥಳನಾಮವಾಗಿ ಉಳಿದಿದೆ.

ಟಿಪ್ಪುವಿನ ಪತನಾನಂತರ, ೧೮೦೦ರಲ್ಲಿ, ಫ್ರಾನ್ಸಿಸ್ ಬುಕನನ್ ಈ ಸೀಮೆಯಲ್ಲಿ ಸಂಚರಿಸಿದನು. ಬೆಂಗಳೂರಿನ ಸುತ್ತಿನ ಕಣಗಳಲ್ಲಿ ರಾಶಿಯನ್ನು ಹಂಚುವ ಕ್ರಮವನ್ನು ಅವನು ವಿವರವಾಗಿ ದಾಖಲಿಸಿದ್ದಾನೆ. ಸರ್ಕಾರ ಮತ್ತು ರೈತ ತಮ್ಮ ಪಾಲನ್ನು ತೆಗೆದುಕೊಳ್ಳುವ ಮೊದಲು ಪುರೋಹಿತ, ಜೋಯಿಸ, ಕಮ್ಮಾರ, ಕುಂಬಾರ, ಅಗಸ, ನಾಯಿಂದ, ತಳವಾರ, ತೋಟಿ, ನೀರಗಂಟಿ, ಗೌಡ, ಶಾನುಭೋಗ ಇವರಿಗೆ ಆಯ ಸಲ್ಲುತ್ತಿತ್ತು. ಆಯಗಾರರ ಪಾಲು ಮೊದಲು, ಅರಸನ ಪಾಲು ಅನಂತರ ಎಂಬ ಕ್ರಮ ಅರ್ಥವತ್ತಾದುದು. ಗ್ರಾಮವೊಂದು ಇನಾಮಾದಾಗ ಈ ರಾಶಿಯಲ್ಲಿ ಬದಲಾಗುತ್ತಿದ್ದುದು ಒಂದೇ ಪಾಲು: ಅರಸನಿಗೆ ಸಲ್ಲುತ್ತಿದ್ದುದು ಇನಾಮದಾರನಿಗೆ ಸಲ್ಲುತ್ತಿತ್ತು. ಮಿಕ್ಕ ಪಾಲುಗಳು ಇದ್ದಂತೆಯೇ ಇದ್ದವು. ಶಾಸನದ ಮೌನಕ್ಕೆ ಕಣದ ಈ ವ್ಯವಹಾರ ಉತ್ತರ ಕೊಡುತ್ತದೆ. ದಾನವಾದದ್ದು ರಾಶಿಯ ಒಂದು ಪಾಲು.

ಈ ಲೆಕ್ಕಗಳು ಇರುತ್ತಿದ್ದುದು ಶಾನುಭೋಗರ ಕಡತಗಳಲ್ಲಿ. ಹತ್ತಿಯ ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಲಿನ ಪುಡಿಯನ್ನೂ ಸವರಿ, ಒಣಗಿಸಿ, ಮಡಿಕೆಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುತ್ತಿದ್ದ ಪುಸ್ತಕ ಕಡತ. ಬರೆದದ್ದನ್ನು ಒರೆಸಿ ಮತ್ತೆ ಬರೆಯುವ ಅನುಕೂಲ ಅದಕ್ಕಿತ್ತು. ವರ್ಷವರ್ಷವೂ ಬದಲಾಗುವ ಬೆಳೆ, ಆಯ, ಬಾಕಿಗಳ ಲೆಕ್ಕಕ್ಕೆ ಈ ಗುಣ ತಕ್ಕದ್ದೇ ಆಗಿತ್ತು. ಆದರೆ ಅದೇ ಗುಣದಿಂದ ಒಕ್ಕಲಿನ ಹೆಸರು ಸ್ಥಿರವಾಗಿ ಉಳಿಯಲಿಲ್ಲ. ದಾನ ಪಡೆದವನ ಹೆಸರು ತಾಮ್ರದಲ್ಲಿ, ಕಲ್ಲಿನಲ್ಲಿ. ಉಳುವವನ ಹೆಸರು ಒರೆಸಬಹುದಾದ ಬಳಪದ ಬರಹದಲ್ಲಿ. ಎರಡು ಬಗೆಯ ಲೇಖನಸಾಮಗ್ರಿಯ ಈ ಭೇದ ಮುಂದಿನ ಕಾಲದ ವ್ಯಾಜ್ಯಗಳ ಮೇಲೆ ದೂರಗಾಮಿ ಪರಿಣಾಮ ಬೀರಿತು.

೫. ಕಮಿಷನರರ ಆಳ್ವಿಕೆಯಿಂದ ೧೮೮೮ರ ಸಂಹಿತೆಯವರೆಗೆ

ಟಿಪ್ಪುವಿನ ಆಳ್ವಿಕೆಯಲ್ಲಿ ಅನೇಕ ಇನಾಮುಗಳನ್ನು ಸರ್ಕಾರ ಹಿಂದಕ್ಕೆ ತೆಗೆದುಕೊಂಡಿತ್ತು. ೧೭೯೯ರ ಅನಂತರ ದಿವಾನ್ ಪೂರ್ಣಯ್ಯನವರ ಕಾಲದಲ್ಲಿ ಹಲವು ಮರಳಿ ಊರ್ಜಿತವಾದವು. ಬ್ರಿಟಿಷ್ ಕಮಿಷನರರ ಆಳ್ವಿಕೆಯಲ್ಲಿ, ೧೮೬೦ರ ದಶಕದಲ್ಲಿ, ಎರಡು ದೊಡ್ಡ ಕಾರ್ಯಗಳು ಮೊದಲಾದವು. ಒಂದು ಭೂಮಾಪನ ಮತ್ತು ಕಂದಾಯ ನಿಷ್ಕರ್ಷೆ, ಇನ್ನೊಂದು ಇನಾಮುಗಳ ವಿಚಾರಣೆ. ಸನ್ನದು, ತಾಮ್ರಪಟ, ನಿರೂಪಗಳನ್ನು ಪರೀಕ್ಷಿಸಿ ಇನಾಮುಗಳನ್ನು ಸ್ಥಿರಪಡಿಸುವ ಕೆಲಸ ನಡೆಯಿತು. ಕಂದಾಯವೇ ಇಲ್ಲದ ಸರ್ವಮಾನ್ಯ, ಲಘುವಾದ ಜೋಡಿ ತೆರುವ ಜೋಡಿಗ್ರಾಮ, ಸ್ಥಿರಗುತ್ತಿಗೆಯ ಕಾಯಂಗುತ್ತ ಎಂಬ ಭೇದಗಳು ದಫ್ತರಗಳಲ್ಲಿ ನೆಲೆಗೊಂಡವು. ಪ್ರಾಚೀನ ದಾನಪತ್ರಗಳ ಪ್ರತಿಗಳು ಸರ್ಕಾರದ ಕಡತಗಳನ್ನು ಸೇರಿದ್ದರಿಂದ ಶಾಸನಾಧ್ಯಯನಕ್ಕೂ ಉಪಕಾರವಾಯಿತು.

೧೮೮೮ರ ಮೈಸೂರು ಭೂಕಂದಾಯ ಸಂಹಿತೆಯಲ್ಲಿ ಹಸ್ತಪ್ರತಿಗಳ ಅಧ್ಯಯನದ ದೃಷ್ಟಿಯಿಂದ ಕುತೂಹಲಕರವಾದ ಒಂದು ನಿಯಮವಿದೆ. ಗೇಣಿಯ ಆರಂಭ ಬಹು ಪ್ರಾಚೀನವಾಗಿದ್ದು, ಅದು ಯಾವಾಗ ಮೊದಲಾಯಿತೆಂಬುದಕ್ಕೆ ತೃಪ್ತಿಕರ ಸಾಕ್ಷ್ಯ ದೊರೆಯದಿದ್ದರೆ, ಆ ಗೇಣಿಯನ್ನು ಒಡೆಯನ ಹಕ್ಕು ಇರುವವರೆಗೂ ನಡೆಯುವಂಥದೆಂದು ಭಾವಿಸಬೇಕೆಂಬುದು ಅದರ ತಾತ್ಪರ್ಯ. ಸಾಧಾರಣವಾಗಿ ದಾಖಲೆ ಇಲ್ಲದವನು ಹಕ್ಕನ್ನು ಕಳೆದುಕೊಳ್ಳುತ್ತಾನೆ. ಇಲ್ಲಿ ಆರಂಭದ ದಾಖಲೆ ಇಲ್ಲದಿರುವುದೇ ಪ್ರಾಚೀನತೆಗೆ ಆಧಾರವಾಗಿ, ಒಕ್ಕಲಿನ ಹಕ್ಕಿಗೆ ಒದಗಿಬಂದಿತು. ಕಡತದಲ್ಲಿ ಅಳಿಸಿಹೋದ ಹೆಸರಿಗೆ ಕಾನೂನು ಕೊಟ್ಟ ಮೊದಲ ಮನ್ನಣೆ ಇದೆಂದರೆ ತಪ್ಪಾಗಲಾರದು.

೬. ಇನಾಂ ರದ್ದಿಯಾತಿ ಮತ್ತು ಒಕ್ಕೂಟದ ಸಂವಿಧಾನ

೧೯೫೦ರ ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಭೂಮಿ, ಭೂಹಿಡುವಳಿ, ಗೇಣಿ ಸಂಬಂಧ ಮತ್ತು ಕೃಷಿಭೂಮಿಯ ಪರಭಾರೆ ರಾಜ್ಯಪಟ್ಟಿಯ ೧೮ನೆಯ ನಮೂದಿನಲ್ಲಿ ಸೇರಿವೆ. ಕೃಷಿ ೧೪ನೆಯ ನಮೂದು, ಭೂಕಂದಾಯ ೪೫ನೆಯದು. ಹೀಗಾಗಿ ಹಿಡುವಳಿಯ ಸುಧಾರಣೆ ಆಯಾ ರಾಜ್ಯದ ಶಾಸನಸಭೆಯ ಹೊಣೆಯಾಯಿತು. ಒಕ್ಕೂಟ ಮಾಡಿದ್ದು ಆ ಕಾಯಿದೆಗಳಿಗೆ ರಕ್ಷಣೆ ಕೊಡುವ ಕೆಲಸ. ೧೯೫೧ರ ಮೊದಲನೆಯ ತಿದ್ದುಪಡಿಯಿಂದ ೩೧ಎ, ೩೧ಬಿ ಅನುಚ್ಛೇದಗಳೂ ಒಂಬತ್ತನೆಯ ಅನುಸೂಚಿಯೂ ಬಂದವು.

ಇದರ ಪರಿಣಾಮ ಕನ್ನಡನಾಡಿನಲ್ಲಿ ವಿಚಿತ್ರವಾಗಿ ಕಂಡಿತು. ಏಕರೂಪದ ಹಿಡುವಳಿಗಳೂ ರಾಜ್ಯದ ಎಲ್ಲೆ ಬದಲಾದಂತೆ ಬೇರೆ ಬೇರೆ ಕಾಯಿದೆಗಳಿಗೆ ಒಳಪಟ್ಟವು. ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದ ಕಾಸರಗೋಡು ೧೯೫೬ರ ನವೆಂಬರ್ ೧ರಂದು ಕೇರಳಕ್ಕೆ ಸೇರಿತು. ಅಲ್ಲಿನ ಮಠಮಾನ್ಯಗಳ ಭೂಮಿ ಕೇರಳದ ಭೂಸುಧಾರಣಾ ಕಾಯಿದೆಗೆ ಒಳಪಟ್ಟಿತು. ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದ್ದು ಈ ಹಿನ್ನೆಲೆಯಲ್ಲಿ. ಸಂವಿಧಾನದ ಮೂಲಸ್ವರೂಪವನ್ನು ಕುರಿತ ೧೯೭೩ರ ಏಪ್ರಿಲ್ ೨೪ರ ತೀರ್ಪು ಕನ್ನಡನಾಡಿನ ಒಂದು ಮಠದ ಭೂಮಿಯ ಪ್ರಶ್ನೆಯಿಂದ ಹುಟ್ಟಿತೆಂಬುದು ಸ್ಮರಣಾರ್ಹ.

ಮೈಸೂರು ರಾಜ್ಯದ ವೈಯಕ್ತಿಕ ಮತ್ತು ಸಂಕೀರ್ಣ ಇನಾಮುಗಳ ರದ್ದಿಯಾತಿ ಕಾಯಿದೆ ೧೯೫೪ರದು, ಧಾರ್ಮಿಕ ಮತ್ತು ಧರ್ಮಾದಾಯ ಇನಾಮುಗಳ ರದ್ದಿಯಾತಿ ಕಾಯಿದೆ ೧೯೫೫ರದು. ಇವೆರಡೂ ಮೊದಲು ಹೇಳಿದ ಪ್ರಶ್ನೆಯನ್ನು, ಎಂದರೆ ಹಿಂದೆ ದಾನವಾದದ್ದು ನೆಲವೋ ಪಾಲೋ ಎಂಬುದನ್ನು, ಐತಿಹಾಸಿಕವಾಗಿ ನಿರ್ಣಯಿಸಲು ಹೋಗಲಿಲ್ಲ. ಅದನ್ನು ದಾಟಿಹೋಗುವ ಮಾರ್ಗವನ್ನು ಹಿಡಿದವು. ಅಧಿಸೂಚಿತ ದಿನಾಂಕದಿಂದ ಇನಾಂ ಗ್ರಾಮದ ಸಮಸ್ತ ಹಕ್ಕುಗಳೂ ಸರ್ಕಾರದಲ್ಲಿ ನಿಹಿತವಾಗುತ್ತವೆ. ಅನಂತರ ಕದೀಂ ಒಕ್ಕಲು, ಕಾಯಂ ಒಕ್ಕಲು, ಅರೆಕಾಯಂ ಒಕ್ಕಲು ಎಂಬ ಮೂರು ವರ್ಗದವರು ಅಧಿಭೋಗದಾರರಾಗಿ ನೋಂದಾಯಿತರಾಗಲು ಅರ್ಹರಾಗುತ್ತಾರೆ. ಇನಾಮದಾರನಿಗೆ ಅವನೇ ಸಾಗುವಳಿ ಮಾಡುತ್ತಿದ್ದ ಭೂಮಿ ಉಳಿಯುತ್ತದೆ, ಮಿಕ್ಕದ್ದಕ್ಕೆ ಪರಿಹಾರ ಸಲ್ಲುತ್ತದೆ. ದೇವಾಲಯ, ಬಸದಿಗಳ ಭೂಮಿ ಹೋದುದಕ್ಕೆ ಪ್ರತಿಯಾಗಿ ವರ್ಷಾಶನವಾಗಿ ತಸ್ತೀಕು ಗೊತ್ತಾಯಿತು.

ಇದರಿಂದ ಧರ್ಮಸಂಸ್ಥೆಗಳಿಗೆ ಆದ ನಷ್ಟವನ್ನು ಕಡೆಗಣಿಸುವಂತಿಲ್ಲ. ಬೆಲೆಗಳು ಏರಿದಂತೆ ಧಾನ್ಯದ ಪಾಲಿನ ಬೆಲೆಯೂ ಏರುತ್ತದೆ. ಗೊತ್ತಾದ ರೊಕ್ಕದ ಮೊತ್ತ ಹಾಗೆ ಏರುವುದಿಲ್ಲ. ಸಣ್ಣ ಬಸದಿಯ, ಸಣ್ಣ ಗುಡಿಯ ನಿತ್ಯಪೂಜೆ ಮತ್ತು ದೀಪಕ್ಕೆ ಇದ್ದ ಆಧಾರ ಶಿಥಿಲವಾಯಿತು. ಆದರೆ ದತ್ತಿಯ ಮೂಲಸ್ವರೂಪವನ್ನು ನೋಡಿದರೆ, ಸಂಸ್ಥೆಗೆ ಸಲ್ಲುತ್ತಿದ್ದುದು ಅರಸನ ಪಾಲು ಎಂಬ ನಿರ್ಣಯಕ್ಕೆ ಕಾಯಿದೆಯ ಫಲಿತಾಂಶ ಹತ್ತಿರವಾಗಿದೆ. ಪಾಲಿನ ಬದಲಿಗೆ ರೊಕ್ಕ ಬಂದಿತು. ನೆಲ ಉಳುವವನಲ್ಲಿ ನಿಂತಿತು. ಕೊರತೆ ಇದ್ದುದು ರೊಕ್ಕದ ಪ್ರಮಾಣದಲ್ಲಿ, ತತ್ತ್ವದಲ್ಲಿ ಅಲ್ಲ.

ಪಟೇಲ, ಶಾನುಭೋಗ, ತಳವಾರ, ತೋಟಿ, ನೀರಗಂಟಿಗಳ ಸೇವಾಭೂಮಿಗಳಿಗೂ ಇದೇ ಮಾರ್ಗ ಅನ್ವಯವಾಯಿತು. ೧೯೬೧ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆ ೧೯೬೩ರ ಫೆಬ್ರವರಿ ೧ರಿಂದ ಜಾರಿಗೆ ಬಂದು, ವಂಶಪಾರಂಪರ್ಯದ ಹುದ್ದೆಗಳು ಕೊನೆಗೊಂಡವು. ಕಣದಲ್ಲಿ ಮೊದಲ ಆಯ ಪಡೆಯುತ್ತಿದ್ದವರ ಭೂಮಿ ಸರ್ಕಾರಕ್ಕೆ ಸೇರಿ, ಅವರಿಗೇ ಮರುಮಂಜೂರಾಗುವ ವ್ಯವಸ್ಥೆ ಏರ್ಪಟ್ಟಿತು. ಶಾನುಭೋಗರ ಮನೆಯ ಕಡತಗಳಿಗೆ ಅಧಿಕೃತ ಸ್ಥಾನ ತಪ್ಪಿದ್ದೂ ಇದರೊಡನೆಯೇ.

೭. ೧೯೭೪ರ ಮಾರ್ಚ್ ೧

ರಾಜ್ಯ ಪುನರ್ವಿಂಗಡಣೆಯಾದಾಗ ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಎಂಬ ಐದು ಆಡಳಿತಗಳ ಹಿಡುವಳಿ ಕಾಯಿದೆಗಳು ಒಂದೇ ರಾಜ್ಯದಲ್ಲಿ ಕೂಡಿದವು. ಬಿ. ಡಿ. ಜತ್ತಿ ಅವರ ಅಧ್ಯಕ್ಷತೆಯ ಸಮಿತಿಯ ಶಿಫಾರಸುಗಳ ಹಿನ್ನೆಲೆಯಲ್ಲಿ ೧೯೬೧ರ ಭೂಸುಧಾರಣಾ ಕಾಯಿದೆ ರೂಪುಗೊಂಡು ೧೯೬೫ರ ಅಕ್ಟೋಬರ್ ೨ರಂದು ಜಾರಿಗೆ ಬಂದಿತು. ಅದಕ್ಕೆ ನಿಜವಾದ ಬಲ ಬಂದದ್ದು ದೇವರಾಜ ಅರಸು ಅವರ ಸರ್ಕಾರ ತಂದ ತಿದ್ದುಪಡಿಯಿಂದ. ೧೯೭೪ರ ಮಾರ್ಚ್ ೧ರಂದು ಗೇಣಿದಾರರ ವಶದಲ್ಲಿದ್ದ ಭೂಮಿಯೆಲ್ಲ ಸರ್ಕಾರದಲ್ಲಿ ನಿಹಿತವಾಯಿತು. ಗೇಣಿದಾರ ಏಳನೆಯ ನಮೂನೆಯಲ್ಲಿ ಅರ್ಜಿ ಹಾಕಿ, ತಾಲ್ಲೂಕಿನ ಭೂನ್ಯಾಯ ಮಂಡಳಿಯ ಮುಂದೆ ತನ್ನ ಸಾಗುವಳಿಯನ್ನು ಸ್ಥಾಪಿಸಿ ಅಧಿಭೋಗದ ಹಕ್ಕನ್ನು ಪಡೆಯಬೇಕಾಗಿತ್ತು. ಅರ್ಜಿಯ ಅವಧಿ ಹಲವು ಸಲ ಮುಂದೆ ಹೋಗಿ ೧೯೭೯ರ ಜೂನ್ ೩೦ಕ್ಕೆ ಮುಗಿಯಿತು.

ಈ ನಾಲ್ಕು ತಾಲ್ಲೂಕುಗಳಿರುವ ಹಳೆಯ ಮೈಸೂರಿನ ಪೂರ್ವಭಾಗದಲ್ಲಿ ರಾಗಿ, ಹುರುಳಿಗಳ 'ಖುಷ್ಕಿ' ಬೇಸಾಯ ಹೆಚ್ಚು. ಸ್ವಂತ ಹಿಡುವಳಿಯ ರೈತರೇ ಇಲ್ಲಿ ಬಹುಸಂಖ್ಯೆಯಲ್ಲಿದ್ದುದರಿಂದ ಕರಾವಳಿಯಷ್ಟು ಗೇಣಿ ಪದ್ಧತಿ ವ್ಯಾಪಕವಾಗಿರಲಿಲ್ಲ. ಇಲ್ಲಿ ಒಕ್ಕಲುತನ ದಟ್ಟವಾಗಿದ್ದುದು ಇನಾಂ ಗ್ರಾಮಗಳಲ್ಲಿ, ದೇವಾದಾಯ ಭೂಮಿಗಳಲ್ಲಿ. ಆದ್ದರಿಂದ ೧೯೫೪–೫೫ರ ಕಾಯಿದೆಗಳ ಕೆಲಸವೂ ೧೯೭೪ರ ಕೆಲಸವೂ ಇಲ್ಲಿ ಒಂದರೊಳಗೊಂದು ಹೆಣೆದುಕೊಂಡವು. ೧೯೭೯ರ ತಿದ್ದುಪಡಿ ಇನಾಂ ಒಕ್ಕಲುಗಳ ಅರ್ಜಿಗಳನ್ನೂ ಭೂನ್ಯಾಯ ಮಂಡಳಿಗಳ ವಿಚಾರಣೆಗೆ ಒಪ್ಪಿಸಿತು.

ಮಂಡಳಿಯ ಸ್ವರೂಪವೂ ಗಮನಾರ್ಹ. ಸಹಾಯಕ ಕಮಿಷನರರ ಅಧ್ಯಕ್ಷತೆ, ನಾಮಕರಣಗೊಂಡ ಸದಸ್ಯರು, ಅವರಲ್ಲಿ ಪರಿಶಿಷ್ಟ ಜಾತಿ ಅಥವಾ ಪಂಗಡದವರೊಬ್ಬರು. ಮೂಲದಲ್ಲಿ ವಕೀಲರಿಗೆ ಪ್ರವೇಶವಿರಲಿಲ್ಲ. ಅಲ್ಲಿ ಸಾಕ್ಷ್ಯವಾಗಿ ಬಂದದ್ದು ಪಹಣಿ, ಗೇಣಿಯ ಚೀಟಿ, ಅಕ್ಕಪಕ್ಕದ ಹೊಲದವರ ಹೇಳಿಕೆ. ತಾಮ್ರಪಟ ಪ್ರಮುಖವಾಗಿದ್ದ ವಿಚಾರಣೆಯಿಂದ ನೆರೆಯವನ ಬಾಯಿಮಾತು ಪ್ರಮುಖವಾದ ವಿಚಾರಣೆಗೆ ಇದು ದೊಡ್ಡ ಸ್ಥಿತ್ಯಂತರ. ಪಹಣಿ ಎಂಬುದು ನೋಡು ಎಂಬರ್ಥದ ಮರಾಠಿ ಧಾತುವಿನಿಂದ ಬಂದ ಶಬ್ದ. ಹೊಲಕ್ಕೆ ಹೋಗಿ ಯಾರು ಉಳುತ್ತಿದ್ದಾರೆ, ಏನು ಬೆಳೆದಿದ್ದಾರೆ ಎಂದು ಕಣ್ಣಾರೆ ನೋಡಿ ಬರೆದದ್ದು ಪಹಣಿ. ಅದರ ಸಾಗುವಳಿದಾರನ ಕಾಲಮಿನಲ್ಲಿ ಉಳುವವನ ಹೆಸರು ನೆಲೆನಿಂತಿತು.

ಭೂಮಿತಿಯ ಲೆಕ್ಕದಲ್ಲಿ ಹಳೆಯ ಖಂಡುಗದ ವಿವೇಕ ಬೇರೊಂದು ರೂಪದಲ್ಲಿ ಮರಳಿತು. ಕಾಯಿದೆ ಎಕರೆಗೆ ಬದಲಾಗಿ ಯೂನಿಟ್ಟನ್ನು ಅಳತೆಯಾಗಿ ಇಟ್ಟುಕೊಂಡಿತು. ಖಚಿತ ನೀರಾವರಿಯ ಎ ವರ್ಗದ ಭೂಮಿಯಲ್ಲಿ ಹತ್ತು ಯೂನಿಟ್ಟೆಂದರೆ ೧೦ ಎಕರೆ. ಡಿ ವರ್ಗದ 'ಖುಷ್ಕಿ'ಯಲ್ಲಿ ಅದು ೫೪ ಎಕರೆ. ಬೀಜದ ಬದಲು ನೀರನ್ನು ಅಳತೆಯ ಆಧಾರ ಮಾಡಿಕೊಂಡರೂ, ಭೂಮಿಯನ್ನು ಅದರ ಸಾಗುವಳಿಯ ಮೂಲಕ ಅಳೆಯಬೇಕೆಂಬ ತತ್ತ್ವ ಒಂದೇ.

೮. ಭೂಬಳಕೆಯ ನಿರ್ಬಂಧ ಮತ್ತು ಅದರ ಸಡಿಲಿಕೆ

ಉಳುವವನಿಗೆ ಭೂಮಿ ಬಂದ ಮೇಲೆ ಅದು ಉಳುಮೆಯಲ್ಲಿಯೇ ಉಳಿಯುವಂತೆ ನೋಡಿಕೊಳ್ಳುವುದು ಕಾಯಿದೆಯ ಎರಡನೆಯ ಉದ್ದೇಶವಾಗಿತ್ತು. ಭೂಸುಧಾರಣಾ ಕಾಯಿದೆಯ ೭೯ಎ ಪ್ರಕರಣ ನಿಗದಿಯಾದ ಮೊತ್ತಕ್ಕಿಂತ ಹೆಚ್ಚಿನ ಕೃಷಿಯೇತರ ವರಮಾನವುಳ್ಳವರು ಕೃಷಿಭೂಮಿ ಪಡೆಯುವುದನ್ನು ತಡೆಯುತ್ತಿತ್ತು. ೭೯ಬಿ ಸಂಸ್ಥೆಗಳನ್ನೂ ಕಂಪನಿಗಳನ್ನೂ ತಡೆಯುತ್ತಿತ್ತು. ೮೦ನೆಯ ಪ್ರಕರಣ ಕೃಷಿಕರಲ್ಲದವರಿಗೆ ಪರಭಾರೆಯನ್ನು ನಿಷೇಧಿಸಿತ್ತು. ೧೯೬೪ರ ಭೂಕಂದಾಯ ಕಾಯಿದೆಯ ೯೫ನೆಯ ಪ್ರಕರಣದಂತೆ ಕೃಷಿಭೂಮಿಯನ್ನು ಬೇರೆ ಉದ್ದೇಶಕ್ಕೆ ಬಳಸಲು ಭೂಪರಿವರ್ತನೆಯ ಅನುಮತಿ ಅಗತ್ಯ. ದುರ್ಬಲವರ್ಗದವರಿಗೆ ಮಂಜೂರಾದ ಭೂಮಿ ಕೈಬಿಟ್ಟುಹೋಗದಿರಲೆಂದು ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಕೆಲವು ಭೂಮಿಗಳ ಪರಭಾರೆ ನಿಷೇಧ ಕಾಯಿದೆ ೧೯೭೮ರಲ್ಲಿ ಬಂದಿತು.

ವರಮಾನದ ಮಿತಿಯನ್ನು ಕಾಲಕಾಲಕ್ಕೆ ಏರಿಸುತ್ತ ೨೦೧೫ರಲ್ಲಿ ೨೫ ಲಕ್ಷ ರೂಪಾಯಿಗೆ ತರಲಾಯಿತು. ೨೦೨೦ರಲ್ಲಿ ಮೊದಲು ಸುಗ್ರೀವಾಜ್ಞೆಯಿಂದ, ಅನಂತರ ತಿದ್ದುಪಡಿ ಕಾಯಿದೆಯಿಂದ ೭೯ಎ ಮತ್ತು ೭೯ಬಿ ಪ್ರಕರಣಗಳನ್ನು ಕೈಬಿಡಲಾಯಿತು. ಕೃಷಿಕರಲ್ಲದವರೂ ಕೃಷಿಭೂಮಿಯನ್ನು ಕೊಳ್ಳುವ ದಾರಿ ತೆರೆಯಿತು. ಅದೇ ವರ್ಷ ಸಂಸತ್ತು ಕೃಷಿ ವ್ಯಾಪಾರವನ್ನು ಕುರಿತು ಮಾಡಿದ ಕಾಯಿದೆಗಳು ರೈತರ ದೀರ್ಘ ಚಳವಳಿಯ ಬಳಿಕ ೨೦೨೧ರಲ್ಲಿ ರದ್ದಾದವು. ರಾಜ್ಯದ ಭೂಸುಧಾರಣಾ ತಿದ್ದುಪಡಿಗೆ ಆ ರದ್ದತಿ ತಟ್ಟಲಿಲ್ಲ. ಭೂಮಿ ರಾಜ್ಯಪಟ್ಟಿಯ ವಿಷಯವಾದ್ದರಿಂದ ಅದರ ಏಳುಬೀಳುಗಳೂ ರಾಜ್ಯದ ಶಾಸನಸಭೆಯಲ್ಲಿಯೇ ನಿರ್ಣಯವಾಗಬೇಕು.

ಭೂಸ್ವಾಧೀನ ಸಮವರ್ತಿಪಟ್ಟಿಯ ೪೨ನೆಯ ನಮೂದು. ಸಂಸತ್ತಿನ ೨೦೧೩ರ ಕಾಯಿದೆ ಸಾಮಾಜಿಕ ಪರಿಣಾಮದ ಅಧ್ಯಯನವನ್ನೂ, ಖಾಸಗಿ ಯೋಜನೆಗಳಲ್ಲಿ ಭೂಮಾಲೀಕರ ಬಹುಮತದ ಒಪ್ಪಿಗೆಯನ್ನೂ ವಿಧಿಸಿತು. ಆದರೆ ಕೈಗಾರಿಕೆಗೆ ಬೇಕಾದ ಭೂಮಿಯನ್ನು ಕರ್ನಾಟಕ ತನ್ನದೇ ೧೯೬೬ರ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯಿದೆಯ ಮೂಲಕ ಪಡೆಯುತ್ತ ಬಂದಿದೆ; ಅದರಲ್ಲಿ ಅಂತಹ ಒಪ್ಪಿಗೆಯ ವಿಧಿಯಿಲ್ಲ. ದೇವನಹಳ್ಳಿಯ ಬಳಿ ೨೦೦೮ರ ಮೇ ತಿಂಗಳಲ್ಲಿ ವಿಮಾನನಿಲ್ದಾಣ ಕಾರ್ಯಾರಂಭ ಮಾಡಿದ ಮೇಲೆ ಸುತ್ತಿನ ಹೊಲಗಳ ಮೇಲೆ ಒತ್ತಡ ಹೆಚ್ಚಿತು. ಚನ್ನರಾಯಪಟ್ಟಣ ಹೋಬಳಿಯ ೧೩ ಹಳ್ಳಿಗಳ ೧,೭೭೭ ಎಕರೆಯನ್ನು ಕೈಗಾರಿಕೆಗಾಗಿ ಪಡೆಯುವ ಪ್ರಕ್ರಿಯೆ ಮೊದಲಾದಾಗ ರೈತರು ೨೦೨೨ರ ಏಪ್ರಿಲ್ ೪ರಂದು ಧರಣಿ ಆರಂಭಿಸಿದರು. ಅದು ಮೂರು ವರ್ಷಗಳಿಗೂ ಮೀರಿ ನಡೆಯಿತು. ೨೦೨೫ರ ಜುಲೈ ೧೫ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಆ ಸ್ವಾಧೀನವನ್ನು ಕೈಬಿಡುವುದಾಗಿಯೂ, ಸ್ವಇಚ್ಛೆಯಿಂದ ಕೊಡುವವರ ಭೂಮಿಯನ್ನು ಮಾತ್ರ ಪಡೆಯುವುದಾಗಿಯೂ ಪ್ರಕಟಿಸಿದರು.

ಪ್ರಾಚೀನ ದತ್ತಿಯಲ್ಲಿ ಒಡೆತನ ಬದಲಾದರೂ ಉಳುಮೆ ಬದಲಾಗುತ್ತಿರಲಿಲ್ಲ. ಕಿರುವೆಕ್ಕೂರು ಜಿನಾಲಯಕ್ಕೆ ಸೇರಿದ ಮರುದಿನವೂ ಅಲ್ಲಿನ ಒಕ್ಕಲು ಅದೇ ಹೊಲವನ್ನು ಉತ್ತಿರಬೇಕು. ಪಾಲು ಸೇರುವ ಸ್ಥಳ ಮಾತ್ರ ಬೇರೆಯಾಯಿತು. ಆಧುನಿಕ ಸ್ವಾಧೀನದಲ್ಲಿ ಒಡೆತನದೊಡನೆ ಬಳಕೆಯೂ ಬದಲಾಗುತ್ತದೆ. ಹೊಲ ಹೊಲವಾಗಿ ಉಳಿಯುವುದಿಲ್ಲ. ಹಿಂದಿನ ಕಾಲದಲ್ಲಿ ಉಳುವವನ ಹೆಸರಿಲ್ಲದಿದ್ದರೂ ಅವನ ಉಳುಮೆ ನಡೆಯುತ್ತಿತ್ತು. ಈಗ ಹೆಸರು ಪಹಣಿಯಲ್ಲಿದ್ದರೂ ಉಳುಮೆ ನಿಲ್ಲುವ ಸಂಭವವಿದೆ. ಒಪ್ಪಿಗೆಯಿಲ್ಲದೆ ಭೂಮಿಯ ವಿನಿಯೋಗ ಬದಲಾಗಬಾರದೆಂಬ ಚನ್ನರಾಯಪಟ್ಟಣದವರ ಬೇಡಿಕೆಯ ಐತಿಹಾಸಿಕ ತಿರುಳು ಇದರಲ್ಲಿದೆ.

೯. ಸಮಾರೋಪ

ಮೇಲಿನ ವಿವೇಚನೆಯಿಂದ ಮೂರು ಸಂಗತಿಗಳು ವೇದ್ಯವಾಗುತ್ತವೆ. ಒಂದು, ಈ ಪ್ರದೇಶದ ಪ್ರಾಚೀನ ದತ್ತಿಗಳು ಮುಖ್ಯವಾಗಿ ಪ್ರಭುತ್ವದ ಪಾಲನ್ನು ವರ್ಗಾಯಿಸಿದವೇ ಹೊರತು ಉಳುಮೆಯ ಹಕ್ಕನ್ನಲ್ಲ. ಎರಡು, ಉಳುವವನ ಹಕ್ಕು ಇದ್ದರೂ ಅದು ಬಾಳುವ ದಾಖಲೆಯನ್ನು ಪಡೆಯಲಿಲ್ಲ. ೧೮೮೮ರಿಂದ ೧೯೭೯ರವರೆಗಿನ ಕಾಯಿದೆಗಳ ಸರಣಿ ಅವನ ಹೆಸರನ್ನು ದಾಖಲೆಗೆ ತಂದಿತು. ಮೂರು, ಹೆಸರಿನ ರಕ್ಷಣೆ ಮತ್ತು ಬಳಕೆಯ ರಕ್ಷಣೆ ಬೇರೆ ಬೇರೆ. ೧೯೭೪ರ ಕಾಯಿದೆ ಎರಡನ್ನೂ ಒಟ್ಟಿಗೆ ನೋಡಿಕೊಂಡಿತ್ತು. ೨೦೨೦ರ ಅನಂತರ ಎರಡನೆಯದು ಸಡಿಲವಾಗಿದೆ.

ಆಕರಗಳ ವಿಷಯದಲ್ಲಿಯೂ ಒಂದು ಮಾತನ್ನು ಹೇಳಬೇಕು. ತಾಮ್ರಪಟ, ಶಿಲಾಶಾಸನಗಳು ಸಂಪುಟಗಳಲ್ಲಿ ಪ್ರಕಟವಾಗಿವೆ. ಕೈಬರಹದ ಪಹಣಿಗಳ ಸ್ಥಾನವನ್ನು 'ಭೂಮಿ' ಯೋಜನೆಯ ಗಣಕದ ಪ್ರತಿ ಆಕ್ರಮಿಸಿದೆ. ಇವೆರಡರ ನಡುವಣ ಕಡತ, ಗೇಣಿಚೀಟಿ, ಜೋಡಿದಾರರ ಲೆಕ್ಕಪುಸ್ತಕ, ಇನಾಂ ವಿಚಾರಣೆಯ ಹೇಳಿಕೆಗಳು ಹಳೆಯ ಮನೆಗಳ ಅಟ್ಟದಲ್ಲಿಯೂ ತಾಲ್ಲೂಕು ಕಚೇರಿಗಳ ದಾಖಲೆ ಕೊಠಡಿಗಳಲ್ಲಿಯೂ ಹುಳು ಹಿಡಿಯುವ ಸ್ಥಿತಿಗೆ ಬರುವಂಥವು. ಪುರಾಣ, ಕಾವ್ಯಗಳ ಓಲೆಗರಿಗೆ ಸಲ್ಲುವ ಆದರ ಇವುಗಳಿಗೆ ಸಂದಿಲ್ಲ. ಉಳುವವನ ಹೆಸರು ಇರುವುದು ಇವುಗಳಲ್ಲಿಯೇ. ನಗರ ಬೆಳೆದು ಹಳ್ಳಿಯ ಹಳೆಯ ಮನೆಗಳು ಬೀಳುತ್ತಿರುವಾಗ, ಈ ನಾಲ್ಕು ತಾಲ್ಲೂಕುಗಳಲ್ಲಿ ಇವುಗಳ ಸಂಗ್ರಹ ಮತ್ತು ಸೂಚೀಕರಣದ ಕಾರ್ಯ ಮೊದಲು ನಡೆಯಬೇಕಾಗಿದೆ.